ಅಕ್ಕನ ಒಂಬತ್ತೂವರೆಯ ಬಸ್ಸು

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ನನ್ನ ದನಿ ಕೇಳಿ ಮಲಗುವವರು ಇನ್ನೂರು ಮುನ್ನೂರು ಜನ ಇದ್ದ ಕಾಲವೊಂದಿತ್ತು. ಕಾಲವೆಂದರೆ ಹಳೆಯದೇನಲ್ಲ, ಹೋದ ವರ್ಷ. ರಾತ್ರಿ ಹತ್ತಕ್ಕೆ ಸರಿಯಾಗಿ ಮೊಬೈಲಿಗೆ ಮೂರು ನಿಮಿಷದ ಒಂದು ಮಾತು ಕಳಿಸುತ್ತಿದ್ದೆ. ಅದನ್ನು ಕೇಳಿದರೆ ಎದೆ ಹಗುರಾಗುತ್ತದೆ, ನಾಳೆಯ ಮೇಲೆ ನಂಬಿಕೆ ಬರುತ್ತದೆ ಎಂದು ಜನ ಹೇಳುತ್ತಿದ್ದರು. ಆ ಮಾತು ನನ್ನದಾಗಿರಲಿಲ್ಲ. ಅಕ್ಕನದಾಗಿತ್ತು. ಅವಳನ್ನು ಕೇಳದೆ ತೆಗೆದುಕೊಂಡದ್ದಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಹೇಳುತ್ತ ಹೇಳುತ್ತ ನನ್ನ ಬಾಯಿ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತದೆ. ಅದರ ಅಭ್ಯಾಸ ಹಾಗಿದೆ.

ನಾನು ಸಿದ್ದಾಪುರದ ಕಡೆ ಹೈಸ್ಕೂಲು ಮಾಸ್ತರನಾಗಿದ್ದವನು. ನಿವೃತ್ತಿಯಾದ ಮೇಲೆ ಶಿರಸಿಯಲ್ಲಿದ್ದೇನೆ. ಮಾಸ್ತರಿಕೆ ಹೊಟ್ಟೆಗಾಯಿತು, ಹೆಸರು ಬಂದದ್ದು ತಾಳಮದ್ದಳೆಯಿಂದ. ಯಕ್ಷಗಾನದ ಹಾಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಚಾಪೆಯ ಮೇಲೆ ಕೂತು ಪಾತ್ರದ ಮಾತನ್ನು ಆಗಿಂದಾಗ ಕಟ್ಟಿ ಆಡಬೇಕು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತೇವೆ. ಬರೆದುಕೊಂಡು ಬಂದವನಿಗೆ ಅಲ್ಲಿ ಬೆಲೆ ಇಲ್ಲ. ಹಾಗಾಗಿ ಅರ್ಥ ಹೇಳುವವನ ಕಿವಿ ಯಾವಾಗಲೂ ತೆರೆದೇ ಇರುತ್ತದೆ. ಬಸ್ಸಿನಲ್ಲಿ ಕೇಳಿದ ಮಾತು, ಕಟಿಂಗ್ ಅಂಗಡಿಯಲ್ಲಿ ಕೇಳಿದ ಮಾತು, ಯಾರದೋ ಮನೆಯ ಜಗಳ, ಎಲ್ಲ ರಾತ್ರಿಯ ತಾಳಮದ್ದಳೆ ಕೂಟದಲ್ಲಿ ಯಾವುದೋ ರಾಜನ ಬಾಯಲ್ಲಿ ಬರುತ್ತದೆ. ಯಾರೂ ಯಾರನ್ನೂ ಕೇಳುವುದಿಲ್ಲ.

ಮನ್ಮನೆ ಎಂಬ ಊರಿನಲ್ಲಿ ಒಮ್ಮೆ ಕೂಟಕ್ಕೆ ಮೊದಲು ಊಟಕ್ಕೆ ಕೂತಿದ್ದೆವು. ಒಳಗೆ ಆ ಮನೆಯ ಹೆಂಗಸು ಗಂಡನಿಗೆ, "ನಿಂಗ ಊರಿಗೆಲ್ಲ ದೊಡ್ಡವ್ರು, ನೀರು ಕಾಯಿಸಲೆ ಮಾತ್ರ ಆನು" ಎಂದದ್ದು ಕೇಳಿತು. ನಡುರಾತ್ರಿಯ ಹೊತ್ತಿಗೆ, ನೀರು ಕಾಯಿಸಲು ಮಾತ್ರ ನಾನು ಎಂಬ ಆ ಮಾತನ್ನು ಒಬ್ಬ ರಾಣಿಯ ಬಾಯಲ್ಲಿ ಹಾಕಿದೆ. ಚಪ್ಪರ ಬಿದ್ದುಹೋಗುವಷ್ಟು ನಗೆ. ಆ ಹೆಂಗಸೂ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೊರಡುವಾಗ ಎರಡು ಲೋಟ ಕಷಾಯ ಹೆಚ್ಚಿಗೆ ಕೊಟ್ಟಳು. ಕಿವಿಗೆ ಬಿದ್ದದ್ದೆಲ್ಲ ನನ್ನದು ಎಂದು ನಾನು ಕಲಿತದ್ದು ಹೀಗೆ, ನಲವತ್ತು ವರ್ಷ, ಶಾಲು ಹೊದೆಸಿಕೊಳ್ಳುತ್ತ.

ಎರಡು ವರ್ಷದ ಹಿಂದೆ ಎದೆನೋವು ಬಂತು. ಹುಬ್ಬಳ್ಳಿಗೆ ಒಯ್ದರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ವಾರದಲ್ಲಿ ಮನೆಗೆ ಕಳಿಸಿದರು. ಹಗಲಿಗೆ ನಾನು ಸರಿಯಾಗಿಯೇ ಇದ್ದೆ. ನೋಡಲು ಬಂದವರಿಗೆ ಸಾವಿನ ಬಗ್ಗೆ ಅರ್ಧ ಗಂಟೆ ಭಾಷಣ ಕೊಟ್ಟು ಕಳಿಸುತ್ತಿದ್ದೆ. ದೀಪ ಆರಿಸಿದ ಮೇಲೆ ಮಾತ್ರ ಬೇರೆ ಕಥೆ. ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಒಂದು ಬಡಿತ ತಪ್ಪಿತೇನೋ ಎಂದು ಎಣಿಸುತ್ತ ಕೂರುತ್ತಿದ್ದೆ. ಚಾಪೆಯ ಮೇಲೆ ಕೂತು ಎಷ್ಟು ಸಲ ಧೀರನಾಗಿ ಪ್ರಾಣ ಬಿಟ್ಟಿದ್ದೆನೋ ಲೆಕ್ಕವಿಲ್ಲ. ಮಂಚದ ಮೇಲೆ ನನಗೆ ಬಚ್ಚಲಿಗೆ ಒಬ್ಬನೇ ಹೋಗಲು ಹೆದರಿಕೆ.

ಹೆಂಡತಿ ಮೊಬೈಲಿನಲ್ಲಿ ಸಿಗುವ ಸ್ಫೂರ್ತಿಯ ಮಾತುಗಳನ್ನು ಹಾಕಿಕೊಟ್ಟಳು. ಮಲಗುವ ಮುಂಚೆ ಕೇಳಿದರೆ ಮನಸ್ಸು ತಿಳಿಯಾಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ನಾನು ಕೇಳಿದೆ. ಕೇಳಿ ಇನ್ನಷ್ಟು ಎಚ್ಚರವಾದೆ. ಒಬ್ಬ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬನಿಗೆ ಶಾಂತಿ ಎಂಬ ಶಬ್ದವನ್ನೇ ಕೂಗಿ ಹೇಳುವ ಚಟ. ಹಿಂದೆ ಕೊಳಲು ಬೇರೆ. ನಾನು ಕತ್ತಲಲ್ಲಿ ಮಲಗಿ ಅವರಿಗೆಲ್ಲ ಮಾರ್ಕು ಹಾಕುತ್ತಿದ್ದೆ. ಅವಳು ಬೇಸತ್ತು ಮೊಬೈಲು ಕಿತ್ತುಕೊಂಡಳು.

ಅಕ್ಕ ಇರುವುದು ಯಲ್ಲಾಪುರದಲ್ಲಿ. ಭಾವ ಮೂವತ್ತು ವರ್ಷ ಯಲ್ಲಾಪುರ ಶಿರಸಿ ದಾರಿಯಲ್ಲಿ ಡ್ರೈವರಾಗಿ ಬಸ್ಸು ಬಿಟ್ಟವರು. ನಿವೃತ್ತಿಯಾಗಿ ವರ್ಷ ತುಂಬುವುದರೊಳಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಕಿವಿಗೆ, ಬುದ್ಧಿಗೆ ಏನೂ ಆಗಿಲ್ಲ, ಹೇಳಿದ್ದೆಲ್ಲ ತಿಳಿಯುತ್ತದೆ. ಅದೇ ಕಷ್ಟ. ಕತ್ತಲಾದರೆ ಅವರಿಗೂ ಹೆದರಿಕೆ. ದೀಪ ಆರಿಸಿದರೆ ಸಾಕು, ಎಡಗೈಯಿಂದ ಮಂಚದ ಪಟ್ಟಿ ಹಿಡಿದು ನರಳುತ್ತಿದ್ದರಂತೆ. ಮಕ್ಕಳಿಲ್ಲ. ಅಕ್ಕ ಒಬ್ಬಳೇ ಅವರನ್ನು ಎತ್ತಿ, ತೊಳೆದು, ಮಗ್ಗುಲು ತಿರುಗಿಸಿ, ಆಮೇಲೆ ಪಕ್ಕದಲ್ಲಿ ಕೂತು ನಿದ್ರೆ ಬರುವವರೆಗೆ ಮಾತಾಡುತ್ತಿದ್ದಳು.

ನನ್ನ ಹೆದರಿಕೆಯನ್ನು ಅವಳಿಗೆ ನಾನು ಹೇಳಿರಲಿಲ್ಲ, ಹೆಂಡತಿ ಹೇಳಿದ್ದಳು. ಆ ದಿನವೇ ರಾತ್ರಿ ಒಂಬತ್ತೂವರೆಗೆ ಅಕ್ಕನ ಫೋನ್ ಬಂತು.

"ತಮಾ, ಎಂತದೂ ಮಾತಾಡಡ. ಫೋನು ತಲೆದಿಂಬಿನ ಹತ್ರ ಇಟ್ಕಂಡು ಮಲಗು. ಭಾವಂಗೆ ಹೇಳ್ತಾ ಇದ್ದೆ, ನೀನೂ ಕೇಳು. ಒಂದೇ ಬಾಯಿ, ಇಬ್ರಿಗೂ ಆಗ್ತು."

ನಾನು ನಕ್ಕೆ. ಇಡೀ ಜಿಲ್ಲೆಗೆ ಮಾತು ಹೇಳುವವನಿಗೆ ಮಾತು ಹೇಳಲು ಹೊರಟಿದ್ದಾಳಲ್ಲ ಎಂದು. ಅಕ್ಕ ನಾಲ್ಕನೇ ಇಯತ್ತೆ ಓದಿದವಳು. ಕೂಟಕ್ಕೆ ಬಂದರೆ ಹತ್ತು ನಿಮಿಷದಲ್ಲಿ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

ಅವಳು ಶುರು ಮಾಡಿದಳು. "ಬಾಗ್ಲು ಹಾಕಿ ಆತು. ಗ್ಯಾಸು ಬಂದ್ ಮಾಡಿ ಆತು. ಹಾಲಿಗೆ ಹೆಪ್ಪು ಹಾಕಿ ಆತು. ಇನ್ನು ಯಾರೂ ನಮ್ಮ ಹತ್ರ ಎಂತದೂ ಕೇಳ್ತ್ವಿಲ್ಲೆ. ಬೆಳಿಗ್ಗೆ ಎದ್ದು ನೋಡಿದ್ರೆ ಗಟ್ಟಿ ಮೊಸರು ಆಗಿರ್ತು. ಅದಕ್ಕೆ ನಾವು ಎಂತದೂ ಮಾಡವು ಹೇಳಿ ಇಲ್ಲೆ. ಸುಮ್ನೆ ಮಲಗಿದ್ರೆ ಸಾಕು. ನಾವು ಮಲಗಿದ್ದಾಗ್ಲೂ ಆಗೋ ಕೆಲಸ ಆಗ್ತು."

ಆಮೇಲೆ ಮಾತಿನಲ್ಲೇ ಭಾವನ ಬಸ್ಸು ಹೊರಡಿಸಿದಳು. "ಈಗ ಸ್ಟ್ಯಾಂಡು ಬಿಟ್ಟಾತು. ಜನ ಕಮ್ಮಿ. ನಿಧಾನ ಬಿಡಿ, ಹೊತ್ತು ಬೇಕಾದಷ್ಟು ಇದ್ದು. ಎದುರಿಗೆ ಲಾರಿ ಇಲ್ಲೆ. ಮಂಜು ಇದ್ದು, ಆದ್ರೆ ದಾರಿ ಕಾಣ್ತು. ಮಂಚಿಕೇರಿ ಬಂತು. ಇಳಿಯವ್ರು ಯಾರೂ ಇಲ್ಲೆ, ಹೋಗ್ಲಿ ಮುಂದೆ."

ಭಾವ ಮಂಚಿಕೇರಿ ದಾಟುವ ಮೊದಲೇ ಮಲಗಿಬಿಡುತ್ತಿದ್ದರು. ನಾನು ದೂರದ ಪ್ರಯಾಣಿಕ. ನನ್ನ ಸಲುವಾಗಿ ಅವಳು ಸೋಂದಾ ಕ್ರಾಸಿನವರೆಗೆ, ಕೆಲವು ಸಲ ಶಿರಸಿಯ ಹತ್ತಿರದವರೆಗೂ ಬಸ್ಸು ತರುತ್ತಿದ್ದಳು. ಮೊದಲನೆಯ ರಾತ್ರಿ ಅವಳು ಫೋನು ಇಟ್ಟದ್ದು ನನಗೆ ಗೊತ್ತಾಗಲಿಲ್ಲ. ಎಚ್ಚರಾದಾಗ ಬೆಳಗಾಗಿತ್ತು. ಹೆಂಡತಿ ಕಾಫಿ ತಂದು ಪಕ್ಕದಲ್ಲಿಟ್ಟಿದ್ದಳು. ಬದುಕಿದ್ದೇನಲ್ಲ ಎಂದು ಅತ್ತೆ.

ನಾಲ್ಕೈದು ತಿಂಗಳು ಹೀಗೆ ನಡೆಯಿತು. ಅವಳು ದಿನವಿಡೀ ದುಡಿದು ದಣಿದ ದನಿಯಲ್ಲಿ ಹೇಳುತ್ತಿದ್ದಳು, ನಾನು ಮಗುವಿನ ಹಾಗೆ ಮಲಗುತ್ತಿದ್ದೆ. ಅವಳನ್ನು ಯಾರು ಮಲಗಿಸುತ್ತಾರೆ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಇದನ್ನು ಬರೆಯುವಾಗ ಮೊದಲು ನಾಚಿಕೆಯಾಗುವುದು ಅದಕ್ಕೆ.

ಮೈ ಸರಿಯಾದ ಹಾಗೆ ಬಾಯಿ ಕೆರೆಯತೊಡಗಿತು. ಕೂಟಗಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಹೆಗ್ಗರಣೆಯ ಕೂಟದವರದ್ದೊಂದು ವಾಟ್ಸಾಪ್ ಗುಂಪು ಇತ್ತು. ಅದರಲ್ಲಿ ಒಬ್ಬರು ನಿದ್ರೆ ಬರುವುದಿಲ್ಲವೆಂದು ಗೋಳು ಹೇಳಿಕೊಂಡಿದ್ದರು. ನಾನು ಹಿಂದಿನ ರಾತ್ರಿ ಕೇಳಿದ ಹೆಪ್ಪಿನ ಮಾತನ್ನು ನನ್ನ ದನಿಯಲ್ಲಿ ಹೇಳಿ ಕಳಿಸಿದೆ. ಅಕ್ಕನ ಹಾಗೆ ಹೇಳಲಿಲ್ಲ. "ಹಾಲು ತನ್ನಷ್ಟಕ್ಕೆ ತಾನು ಮೊಸರಾಗುವ ಈ ಮೌನದ ಹೊತ್ತಿನಲ್ಲಿ" ಎಂದು ಎತ್ತಿಕೊಂಡೆ. ಎಲ್ಲಿ ತಗ್ಗಿಸಬೇಕೋ ಅಲ್ಲಿ ತಗ್ಗಿಸಿದೆ. ಬೆಳಗಾಗುವುದರೊಳಗೆ ಅರವತ್ತು ಕೈಮುಗಿದ ಚಿತ್ರಗಳು ಬಂದಿದ್ದವು.

ಆಮೇಲೆ ದಿನದ ಕ್ರಮವೇ ಆಯಿತು. ಹಿಂದಿನ ರಾತ್ರಿ ಅಕ್ಕನಿಂದ ಕೇಳಿದ್ದನ್ನು ಬೆಳಿಗ್ಗೆ ಚೀಟಿಯಲ್ಲಿ ಬರೆದಿಡುವುದು, ಹಗಲು ತಿದ್ದುವುದು, ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಹೇಳುವುದು, ಒಂಬತ್ತೂವರೆಗೆ ಅಕ್ಕನ ಫೋನು, ಹತ್ತಕ್ಕೆ ನನ್ನದು ಊರಿಗೆ. ಎಷ್ಟೋ ರಾತ್ರಿ ಕಳಿಸಬೇಕಲ್ಲ ಎಂದು ನಿದ್ರೆ ತಡೆದು ಹಿಡಿದಿದ್ದೇನೆ. ಮಲಗಿಸಲು ಹೇಳುವವಳ ಮಾತನ್ನು ಕಣ್ಣುಬಿಟ್ಟುಕೊಂಡು ಕೇಳಿದ್ದೇನೆ.

ಹೆಂಡತಿ ಒಂದು ದಿನ ಕೇಳಿದಳು. "ಅತ್ತಿಗೆ ಹತ್ರ ಒಂದು ಮಾತು ಕೇಳಿದ್ರಾ?"

"ಎಂತಕ್ಕೆ ಕೇಳವು? ಜಮೀನಿನ ಹಾಂಗೆ ಮಾತಿಗೆ ಯಾರಾದ್ರೂ ಪಟ್ಟೆ ಬರಸ್ಕತ್ವ?"

"ಅದು ಗಂಡ ಹೆಂಡ್ತಿ ಮಾತು."

"ಚಲೋ ಮಾತು ನಾಲ್ಕು ಜನ ಕೇಳಲಿ ಬಿಡು," ಎಂದೆ. ಅವಳು ಚಟ್ನಿಗೆ ಕಾಯಿ ತುರಿಯತೊಡಗಿದಳು. ಮಾತಿನಲ್ಲಿ ನನ್ನನ್ನು ಗೆದ್ದವರಿಲ್ಲ ಎಂಬ ಸೊಕ್ಕು ಆಗ ನನಗಿತ್ತು.

ಆ ಮಾತುಗಳು ಎಲ್ಲೆಲ್ಲಿಗೋ ಹೋದವು. ದಾಸನಕೊಪ್ಪದಿಂದ ಗುರುತಿಲ್ಲದ ಒಬ್ಬ ಕಿರಾಣಿ ಅಂಗಡಿಯವರು ಫೋನ್ ಮಾಡಿ, "ಸರ, ನಿಮ್ಮ ಮಾತು ಕೇಳದೇ ನಮ್ಮವ್ವ ಮಲಗಂಗಿಲ್ರೀ. ನಮ್ಮ ಕಡೆ ಒಮ್ಮೆ ಬರ್ರಿ," ಎಂದರು. ಶಿರಸಿಯಲ್ಲಿ ಒಂದು ಕಾರ್ಯಕ್ರಮದಲ್ಲಿ ಕರೆದು ಶಾಲು ಹೊದೆಸಿದರು. ಇಷ್ಟು ಸರಳವಾದ ಮಾತು ಹೇಗೆ ಹೊಳೆಯುತ್ತದೆ ಎಂದು ಮೈಕಿನಲ್ಲೇ ಕೇಳಿದರು. ನಾನು ಏನು ಹೇಳಬಹುದಿತ್ತು? ನನಗೊಬ್ಬಳು ಅಕ್ಕ ಇದ್ದಾಳೆ ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ನಾನು ಕಣ್ಣು ಅರ್ಧ ಮುಚ್ಚಿ, "ಬದುಕೇ ಕಲಿಸಿತು" ಎಂದೆ. ಚಪ್ಪಾಳೆ ಬಿತ್ತು.

ಒಂದು ರಾತ್ರಿ ಅಕ್ಕನ ದನಿ ಬೇರೆಯಾಗಿತ್ತು. ಭಾವನಿಗೆ ಮೂರು ದಿನದಿಂದ ಜ್ವರ, ಕೆಮ್ಮು. ಅವಳು ನಿದ್ರೆ ಮಾಡಿರಲಿಲ್ಲ. ಎಂದಿನಂತೆ ಬಾಗಿಲು ಹಾಕಿದಳು, ಹೆಪ್ಪು ಹಾಕಿದಳು, ಬಸ್ಸು ಹೊರಡಿಸಿದಳು. ಮಂಚಿಕೇರಿಯಲ್ಲಿ ನಿಲ್ಲಿಸಿ, "ತಮಾ, ಮಲಗಿದ್ಯಾ?" ಎಂದು ಕೇಳಿದಳು. ನನಗೆ ನಿದ್ರೆ ಬಂದಿರಲಿಲ್ಲ, ಉತ್ತರ ಕೊಟ್ಟರೆ ಭಾವನಿಗೆ ಹೇಳಬೇಕೆಂದಿದ್ದ ಮಾತು ನಿಲ್ಲಿಸುತ್ತಾಳೆ ಎಂದು ಸುಮ್ಮನಿದ್ದೆ. ನಾನು ಮಲಗಿದೆ ಎಂದುಕೊಂಡಳು. ದಣಿದ ಕೈಗೆ ಫೋನು ಆರಿಸುವುದು ನೆನಪಾಗಲಿಲ್ಲ. ಆಮೇಲೆ ಅವಳು ಭಾವನಿಗೆ ಒಂದು ವಿಷಯ ಹೇಳಿದಳು. ಹೇಳಿ ಕ್ಷಮೆ ಕೇಳಿದಳು.

ಅದೇನೆಂದು ಇಲ್ಲಿ ಬರೆಯುವುದಿಲ್ಲ. ಹಗಲಿರುಳು ಒಬ್ಬರ ಸೇವೆ ಮಾಡಿ ಬೇಸತ್ತ ಜೀವದ ಮನಸ್ಸಿನಲ್ಲಿ ಒಂದು ಗಳಿಗೆ ಹಾದುಹೋಗುವ ಮಾತು, ಅಷ್ಟು ಸಾಕು. ಇದನ್ನೆಲ್ಲ ಬರೆಯುತ್ತೇನೆ ಎಂದು ಅಕ್ಕನಿಗೆ ಈ ಸಲ ಮೊದಲೇ ಹೇಳಿದ್ದೇನೆ. "ಅದೊಂದು ಬಿಟ್ಟು ಎಂತ ಬೇಕಾದ್ರೂ ಬರಿ," ಎಂದಳು.

ತುಂಬ ಹೊತ್ತಿನ ಮೇಲೆ ಅಕ್ಕ, "ಕೈ ಬಿಡಿ, ಕಣ್ಣು ಒರೆಸ್ಕತ್ತೆ," ಎಂದಳು. ಅವರು ಅವಳ ಕೈ ಹಿಡಿದುಕೊಂಡಿದ್ದರು ಎಂದು ತಿಳಿಯಿತು. ನನ್ನ ಕಣ್ಣಲ್ಲೂ ನೀರು ಬಂತು. ಆ ನೀರು ಸುಳ್ಳಲ್ಲ. ಅದನ್ನು ಒರೆಸಿಕೊಂಡು ಎದ್ದು, ದೀಪ ಹಾಕಿ, ಚೀಟಿಯಲ್ಲಿ ಅವಳ ಮಾತು ಬರೆದುಕೊಂಡದ್ದೂ ಸುಳ್ಳಲ್ಲ.

ಮರುದಿನ ಅದನ್ನು ಹೇಳಿದೆ. ಕ್ಷಮೆಯ ಬಗ್ಗೆ. ಒಬ್ಬ ಬಸ್ ಡ್ರೈವರು, ಅವನ ಹೆಂಡತಿ, ಮಂಚಿಕೇರಿಯ ದಾರಿ, ಅವಳು ಹೇಳಿದ ಮಾತು, ಅವನು ಹಿಡಿದ ಕೈ. ಊರಿನ ಹೆಸರು ಬಿಡಬಹುದಿತ್ತು. ಊರಿನ ಹೆಸರಿದ್ದರೆ ಮಾತಿಗೆ ಕಳೆ ಬರುತ್ತದೆ ಎಂದು ಇಟ್ಟುಕೊಂಡೆ. ಅದು ನಾನು ಹೇಳಿದ್ದರಲ್ಲೆಲ್ಲ ಚೆನ್ನಾಗಿ ಬಂದದ್ದು ಎಂದು ಎಲ್ಲರೂ ಬರೆದರು. ನನಗೂ ಹಾಗೇ ಅನಿಸಿತು. ಎರಡು ಸಲ ನಾನೇ ಹಾಕಿಕೊಂಡು ಕೇಳಿದೆ.

ನಾಲ್ಕನೆಯ ದಿನ ಒಂಬತ್ತೂವರೆಗೆ ಫೋನು ಬರಲಿಲ್ಲ. ಐದನೆಯ ದಿನವೂ ಬರಲಿಲ್ಲ. ನಾನೇ ಮಾಡಿದರೆ, "ಕೆಲಸ ಇತ್ತು," ಎಂದಳು. ಭಾವನಿಗೆ ಹೇಗಿದೆ ಎಂದರೆ, "ಹಾಂಗೇ ಇದ್ದ," ಎಂದಳು. ಜ್ವರ ಹೆಚ್ಚಾಗಿರಬೇಕು ಎಂದುಕೊಂಡೆ. ನನ್ನ ತಲೆಗೆ ಅಷ್ಟೇ ಹೊಳೆದದ್ದು.

ಭಾವನ ಬಸ್ಸನ್ನು ಎಷ್ಟೋ ವರ್ಷ ರಿಪೇರಿ ಮಾಡಿದ ಒಬ್ಬ ಸಾಹೇಬರು ಯಲ್ಲಾಪುರದಲ್ಲಿದ್ದಾರೆ. ಶುಕ್ರವಾರ ನಮಾಜು ಮುಗಿಸಿ ಬಂದು ಭಾವನ ಹತ್ತಿರ ಒಂದು ಗಂಟೆ ಕೂತು ಹೋಗುತ್ತಾರೆ. ವಾರ ಕಳೆದ ಮೇಲೆ ಅವರ ಫೋನು ಬಂತು.

"ಮಾಸ್ತರ್ರೇ, ನನ್ನ ಕೈಯಿಂದ ಏನೋ ತಪ್ಪಾಗ್ಯದ. ಮೊಬೈಲಲ್ಲಿ ಒಂದು ಮಾತು ಬಂದಿತ್ತು. ನಮ್ಮ ಡ್ರೈವರ್ ಅಣ್ಣಾರ ಥರದೇ ಒಬ್ಬರದ್ದು. ಮನಸಿಗೆ ಸಮಾಧಾನ ಆಗ್ಲಿ ಅಂತ ಅವರ ಮಂಚದ ಹತ್ರ ಹಾಕಿ ಕೇಳಿಸ್ದೆ. ಅವರು ಎಡಗೈಲಿ ಹೊಡೆದು ಮೊಬೈಲು ನೆಲಕ್ಕೆ ಬೀಳಿಸಿದ್ರು. ಅಕ್ಕಾರು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ರು. ಹಿಂಗ್ಯಾಕಾಯ್ತು ಅಂತ ನಿಮಗೇನಾದ್ರೂ ಗೊತ್ತದಾ?"

ಅವರಿಗೆ ನನ್ನ ದನಿಯ ಗುರುತು ಹತ್ತಿರಲಿಲ್ಲ. ನೆಲಕ್ಕೆ ಬಿದ್ದ ಮೊಬೈಲಿಗೆ ಏನಾಯಿತು ಎಂದು ಕೇಳಿದೆ. "ಗಾಜು ಒಡೀತು, ಹೋಗ್ಲಿ ಬಿಡ್ರಿ," ಎಂದರು. ತಪ್ಪು ನಿಮ್ಮದಲ್ಲ, ನನ್ನದು ಎಂದು ಅವತ್ತೇ ಹೇಳಬೇಕಿತ್ತು. ಹೇಳಿದ್ದು ತಿಂಗಳು ಕಳೆದ ಮೇಲೆ. ಅಲ್ಲಿಯವರೆಗೆ ಆ ಮನುಷ್ಯ ತನ್ನ ಕೈಯನ್ನೇ ಬೈದುಕೊಂಡಿದ್ದರು.

ಮರುದಿನ ಯಲ್ಲಾಪುರದ ಬಸ್ಸು ಹತ್ತಿದೆ. ಅದೇ ದಾರಿ. ಮಂಚಿಕೇರಿ ಬಂದಾಗ ತಲೆ ತಗ್ಗಿಸಿ ಕೂತೆ, ಯಾರೋ ಗುರುತಿನವರನ್ನು ತಪ್ಪಿಸುವವನ ಹಾಗೆ.

ಅಕ್ಕ ಅಂಗಳದಲ್ಲಿ ಭಾವನ ಹಾಸಿಗೆಯ ಬಟ್ಟೆ ಒಣ ಹಾಕುತ್ತಿದ್ದಳು. "ಬಂದ್ಯಾ, ಕಾಲು ತೊಳಕ," ಎಂದಳು. ಕುಡಿಯಲು ಆಸರಿಗೆ ಕೊಟ್ಟಳು, ಬಾಳೆಕಾಯಿ ಚಿಪ್ಸು ಇಟ್ಟಳು. ಬೈಯಲಿ ಎಂದು ಕಾದೆ. ಬೈದರೆ ನಾನು ಉತ್ತರ ಕೊಡಬಲ್ಲೆ, ಅಳಬಲ್ಲೆ, ಕಾಲು ಹಿಡಿಯಬಲ್ಲೆ. ಅದಕ್ಕೆಲ್ಲ ನನ್ನ ಹತ್ತಿರ ಮಾತಿದೆ. ಅವಳು ನೆಂಟರನ್ನು ವಿಚಾರಿಸಿಕೊಳ್ಳುವ ಹಾಗೆ ಗುಳಿಗೆ ತಂದಿದ್ದೀಯೋ ಎಂದು ಕೇಳಿದಳು.

ಹಿಟ್ಟಿನ ಡಬ್ಬಿ ಖಾಲಿಯಾಗಿತ್ತು. ಗಿರಣಿಗೆ ನಾನು ಹೋಗಿ ಬರುತ್ತೇನೆ ಎಂದೆ. "ಹೌದು, ನೀನೇ ಹೋಗು. ಆನು ಹೋಗ್ತಿಲ್ಲೆ ಈಗ," ಎಂದಳು. ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ. ಗೋಧಿ ಅಳೆಯುತ್ತಲೇ ಹೇಳಿದಳು. ಗಿರಣಿಯಲ್ಲಿ ಸಾಲಿಗೆ ನಿಂತ ಇಬ್ಬರು ಹೆಂಗಸರು ಅವಳನ್ನು ನೋಡಿ ಮಾತು ನಿಲ್ಲಿಸಿದರಂತೆ. ಒಬ್ಬಳು ಹತ್ತಿರ ಬಂದು, ನಮಗೂ ಹಾಗೆ ಅನಿಸುತ್ತದೆ, ನೀವು ಹೇಳಿಬಿಟ್ಟಿರಿ ಎಂದು ಕೈ ಹಿಡಿದಳಂತೆ. ಒಳ್ಳೆಯ ಮನಸ್ಸಿನಿಂದಲೇ. ಅಕ್ಕ ಹಿಟ್ಟಿನ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದಿದ್ದಳು. ಆ ಚೀಲವನ್ನು ತಂದವನು ನಾನು.

ರಾತ್ರಿ ಊಟವಾಯಿತು. ಭಾವನ ಮುಖ ನೋಡುವುದನ್ನು ಇಡೀ ದಿನ ಏನಾದರೊಂದು ನೆಪ ಮಾಡಿ ತಪ್ಪಿಸಿದ್ದೆ. ಒಂಬತ್ತೂವರೆಯ ಹೊತ್ತಿಗೆ ಅಕ್ಕ ಅವರ ಮಗ್ಗುಲು ತಿರುಗಿಸಿ, ಚಾದರ ಸರಿಮಾಡಿ ಹೊರಗೆ ಬಂದಳು. ಒಳಗಿನಿಂದ ಮಂಚದ ಪಟ್ಟಿ ಅಲುಗುವ ಸದ್ದು, ನರಳಿಕೆ. ಅವಳು ಅಡಿಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು.

"ಮಾತಾಡ್ತಿಲ್ಯಾ ಈಗ?" ಎಂದೆ.

"ಇಲ್ಲೆ."

"ಎಷ್ಟು ದಿನ ಆತು?"

"ಅವತ್ತಿಂದ. ಬಾಯಿ ಬಿಟ್ರೆ ನಿನ್ನ ಸ್ವರವೇ ಕಿವಿಗೆ ಬತ್ತು ತಮಾ. ಹೆಪ್ಪು ಹಾಕಿ ಆತು ಹೇಳಲೆ ಹೋದ್ರೂ ಯಾರೋ ಕೇಳ್ತಾ ಇದ್ದ ಹೇಳಿ ಕಾಣ್ತು. ಅವ್ರೂ ನಿದ್ರೆ ಮಾಡ್ತ್ವಿಲ್ಲೆ, ಆನೂ ಮಾಡ್ತಿಲ್ಲೆ." ಪಾತ್ರೆ ಕವುಚಿ ಹಾಕಿ ಸೆರಗಿಗೆ ಕೈ ಒರೆಸಿಕೊಂಡಳು. ಸಿಟ್ಟಿನಿಂದ ಹೇಳಲಿಲ್ಲ, ದಣಿವಿನಿಂದ ಹೇಳಿದಳು: "ನಿಂಗೆ ಹೇಳಲೆ ಬತ್ತಲ, ಇವತ್ತು ನೀನೇ ಹೇಳು. ಭಾವಂಗೆ ಒಂದು ನಿದ್ರೆ ಆಗ್ಲಿ."

ನಾನು ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಭಾವ ನನ್ನನ್ನು ನೋಡಿದರು. ನಲವತ್ತು ವರ್ಷ ಎದುರು ಪಾತ್ರಧಾರಿ ಏನೇ ಎಸೆದರೂ ಮಾತು ತಪ್ಪದವನು ನಾನು. ಬಾಯಿ ತೆರೆದೆ. ಬಾಗಿಲು ಹಾಕಿ ಆಯಿತು ಎಂಬುದು ಬಂತು, ಅದು ಅಕ್ಕನದು. ಮೊಸರಿನದು ಬಂತು, ಅದೂ ಅವಳದು. ನಿಧಾನ ಬಿಡಿ, ಹೊತ್ತಿದೆ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಒಬ್ಬ ಮನುಷ್ಯನನ್ನು ಮಲಗಿಸಲು ನನ್ನದೆಂದು ಒಂದು ಮಾತು ಹುಡುಕಿದರೆ ನನ್ನೊಳಗೆ ಇರಲಿಲ್ಲ. ಇಷ್ಟು ದಿನ ನಾನು ಊರಿಗೆ ಬಡಿಸಿದ್ದು ಪೂರ್ತಿ ಅವಳ ಪಾತ್ರೆಯಿಂದ.

"ತಪ್ಪಾತು ಭಾವ," ಎಂದೆ.

ಅವರ ಕೈ ಹಿಡಿಯಲು ಹೋದೆ. ಅವರು ಕೈ ಎಳೆದುಕೊಂಡು ಎದೆಯ ಮೇಲೆ ಇಟ್ಟುಕೊಂಡರು. ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಅವರ ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆ ಹೋಯಿತು. ಅಕ್ಕ ಅಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ನಡುವೆ ನಾನು ಸ್ಟೂಲಿನ ಮೇಲೆ.

"ಏಳು," ಎಂದಳು ಅಕ್ಕ. "ಹೊರಗೆ ಹೋಗು. ಕದ ಎಳಕಂಡು ಹೋಗು."

ಹೊರಗೆ ಬಂದು ಕದ ಎಳೆದುಕೊಂಡೆ. ಜಗಲಿಯಲ್ಲಿ ನನಗೆ ಹಾಸಿಟ್ಟಿದ್ದಳು. ಅದರ ಮೇಲೆ ಕೂರುವಷ್ಟರಲ್ಲಿ ಒಳಗಿನಿಂದ ಒಂದು ಪಿಸುಮಾತು ಕೇಳಿತು. ನಿಂತಿತು. ಮತ್ತೆ ಶುರುವಾಯಿತು. ಅಕ್ಕ ಮಾತಾಡುತ್ತಿದ್ದಳು. ನನ್ನ ಜೀವ ಬಂದ ಹಾಗಾಯಿತು. ಏನು ಹೇಳುತ್ತಿದ್ದಾಳೆ, ಬಸ್ಸು ಹೊರಟಿತೇ, ಅಥವಾ ಬೇರೇನೋ ಎಂದು ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದೆ. ಕದಕ್ಕೆ ಕಿವಿ ಕೊಟ್ಟು ನಿಂತಿದ್ದೇನೆ ಎಂದು ನನಗೆ ಗೊತ್ತಾದದ್ದು ಕೆನ್ನೆಗೆ ಮರ ತಣ್ಣಗೆ ತಾಗಿದಾಗ.

ಅಷ್ಟು ನಾಚಿಕೆ ನನಗೆ ಶಾಲು ಹೊದೆಸುವಾಗ ಆಗಿರಲಿಲ್ಲ, ಸಾಹೇಬರ ಫೋನು ಬಂದಾಗ ಆಗಿರಲಿಲ್ಲ. ಚಪ್ಪಲಿ ಮೆಟ್ಟಿ ಅಂಗಳ ದಾಟಿದೆ. ಬೇಲಿಯ ಹತ್ತಿರ ನಿಂತರೂ ದನಿಯ ಎಳೆ ಬರುತ್ತಿತ್ತು. ಅಲ್ಲಿಂದ ಹೆದ್ದಾರಿಯವರೆಗೆ ನಡೆದು, ಮುಚ್ಚಿದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಹುಬ್ಬಳ್ಳಿಯ ಕಡೆಯ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಏನೂ ಕೇಳುತ್ತಿರಲಿಲ್ಲ. ತಿರುಗಿ ಬಂದಾಗ ಒಳಗಿನ ದೀಪ ಆರಿತ್ತು, ಭಾವನ ಗೊರಕೆ ಜಗಲಿಯವರೆಗೆ ಬರುತ್ತಿತ್ತು.

ಶಿರಸಿಗೆ ಬಂದು ಗುಂಪಿನಲ್ಲಿ ನಿಜ ಬರೆದೆ, ಆ ಮಾತುಗಳನ್ನು ಅಳಿಸಿಬಿಡಿ ಎಂದು ಕೇಳಿಕೊಂಡೆ. ಕೆಲವರು ಅಳಿಸಿದರು, ಕೆಲವರು ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಗುಂಪು ಬಿಟ್ಟೆ. ಈಗ ಮತ್ತೆ ರಾತ್ರಿ ಎದೆಯ ಬಡಿತ ಎಣಿಸುತ್ತ ಮಲಗಿರುತ್ತೇನೆ. ಅಕ್ಕನ ಮಾತು ಒಂದೊಂದೂ ನೆನಪಿದೆ. ಆದರೆ ನನಗೆ ನಾನೇ ಹೇಳಿಕೊಂಡರೆ ಅದು ಕೆಲಸ ಮಾಡುವುದಿಲ್ಲ.

ಅಕ್ಕ ಫೋನ್ ಮಾಡುತ್ತಾಳೆ, ಬೆಳಿಗ್ಗೆ ಎಂಟು ಗಂಟೆಗೆ. ಭಾವನಿಗೆ ಗಂಜಿ ಕುಡಿಸಿ ಆದ ಮೇಲೆ. "ತಮಾ, ರಾತ್ರಿ ನಿದ್ರೆ ಬಂತಾ?" ಎಂದು ಕೇಳುತ್ತಾಳೆ. ಬಂತು ಎನ್ನುತ್ತೇನೆ.